ಸಮುದ್ರ ಸರಿಯಿಲ್ಲ ಎಂದ ಶನಿವಾರ

ನನ್ನ ತಂಗಿಯನ್ನು ನಾನು ಒಂದು ಊಟಕ್ಕೆ ಕರೆಯಲಿಲ್ಲ. ಒಪ್ಪಿಕೊಳ್ಳಬೇಕಾದ ತಪ್ಪು ಇಷ್ಟೇ. ಓದುವ ನಿಮಗೆ ಇದು ತೀರ ಸಣ್ಣದೆನಿಸಬಹುದು. ನಾನು ಯಾರ ಮನೆಯನ್ನೂ ಮುರಿಯಲಿಲ್ಲ, ಯಾರ ಆಸ್ತಿಯನ್ನೂ ಕಸಿಯಲಿಲ್ಲ. ಆದರೆ ಊಟಕ್ಕೆ ಕರೆಯುವುದೆಂದರೆ ನಮ್ಮ ಕಡೆ ಹಗುರವಾದ ಕೆಲಸವಲ್ಲ ಎಂಬುದನ್ನು ನೀವೂ ಬಲ್ಲಿರಿ. ಒಂದು ಸಲ ಕೂಗಿದರೆ ಅದು ಕರೆದ ಹಾಗಲ್ಲ, ಸುದ್ದಿ ತಿಳಿಸಿದ ಹಾಗೆ. ಎರಡನೆಯ ಸಲ ಕೂಗಿದರೆ 'ಬಂದೆ, ನೀವು ಬಡಿಸ್ತಾ ಇರಿ' ಎಂಬ ಉತ್ತರ ಬರುತ್ತದೆಯೇ ಹೊರತು ಮನುಷ್ಯರು ಬರುವುದಿಲ್ಲ. ಮೂರನೆಯ ಸಲ ದನಿ ಏರಿಸಿ, ಸಾರು ಆರಿಹೋಗುತ್ತದೆಂದು ಹೆದರಿಸಿ, ತಟ್ಟೆಯನ್ನು ಸದ್ದಾಗುವಂತೆ ನೆಲಕ್ಕಿಟ್ಟ ಮೇಲೆಯೇ ಒಬ್ಬೊಬ್ಬರಾಗಿ ಏಳುವುದು. ಕರೆಯದೆ ಬಂದು ಕೂತವರನ್ನು ನಾವು ಹಸಿದವರು ಎನ್ನುತ್ತೇವೆ. ಕರೆದ ಮೇಲೆ ಬಂದವರನ್ನು ಮಾತ್ರ ನಮ್ಮವರು ಎನ್ನುತ್ತೇವೆ.

ಮಂಜುಳನನ್ನು ಹೀಗೆ ಕರೆದೂ ಕರೆದೂ ನನ್ನ ಗಂಟಲು ಈಗಿನ ಹದಕ್ಕೆ ಬಂದಿದೆ. ಅವಳು ಹುಟ್ಟಿದಾಗ ನನಗೆ ಹದಿಮೂರು. ಅದೇ ವರ್ಷ ಅಪ್ಪ ತೀರಿಕೊಂಡರು, ಅಮ್ಮ ಮೈಸೂರಿನ ಒಂದು ರೇಷ್ಮೆ ಕಾರ್ಖಾನೆಯಲ್ಲಿ ಪಾಳಿ ಕೆಲಸಕ್ಕೆ ಸೇರಿದರು, ಎಂಟನೆಯ ತರಗತಿಯಲ್ಲಿದ್ದ ನಾನು ಪುಸ್ತಕದ ಚೀಲವನ್ನು ಗೂಟಕ್ಕೆ ನೇತುಹಾಕಿ ಮಗುವನ್ನು ಸೊಂಟಕ್ಕೇರಿಸಿಕೊಂಡೆ. ಕೆಲವು ವರ್ಷಗಳ ಮೇಲೆ ಆ ಚೀಲವನ್ನು ಗೂಟದಿಂದ ಇಳಿಸಿದವಳು ಮಂಜುಳ. ಅವಳು ಇಂಜಿನಿಯರ್ ಆದಳು. ನಾನು ಹಪ್ಪಳ, ಸಂಡಿಗೆ, ಶಾವಿಗೆ ಮಾಡಿ ಅಂಗಡಿಗಳಿಗೆ ಹಾಕುವವಳಾದೆ. ಮದುವೆ ಎಂಬುದು ನನ್ನನ್ನು ಹುಡುಕಿಕೊಂಡು ನಮ್ಮ ಬೀದಿಯವರೆಗೂ ಬಂದಿತ್ತೆಂದು ಕಾಣುತ್ತದೆ; ಮನೆ ನಂಬರು ಸಿಗದೆ ಹಾಗೆಯೇ ಹಿಂದಿರುಗಿರಬೇಕು. ಮಿಕ್ಕ ವಿದ್ಯೆಯನ್ನೆಲ್ಲ ಬೀದಿಯ ಕೊನೆಯಲ್ಲಿದ್ದ ಬಾಡಿಗೆ ಪುಸ್ತಕದ ಅಂಗಡಿಯಲ್ಲಿ ಕಲಿತೆ. ಹಾಗಾಗಿ ನನ್ನ ಕನ್ನಡ ದೊಡ್ಡದು, ಉಳಿದೆಲ್ಲವೂ ಚಿಕ್ಕದು.

ಇಸವಿ ಎರಡು ಸಾವಿರವಾದ ಕೂಡಲೇ ಲೋಕದ ಕಂಪ್ಯೂಟರುಗಳಿಗೆಲ್ಲ ಮರೆವು ಬಡಿದು, ತಾವು ನೂರು ವರ್ಷ ಹಿಂದೆ ಬಿದ್ದೆವೆಂದು ಭ್ರಮಿಸಿ ಕೆಟ್ಟು ನಿಲ್ಲುತ್ತವೆ ಎಂದು ಎಲ್ಲರೂ ಹೆದರಿದ್ದರಲ್ಲ, ಅದಕ್ಕೆ ಮುಂಚಿನ ಬೇಸಿಗೆಯ ಮಾತು ಇದು. ಆ ಮರೆವಿಗೆ ಮದ್ದು ಅರೆಯುವುದಕ್ಕೆಂದು ಮಂಜುಳನನ್ನು ಅವಳ ಕಂಪನಿ ಜಪಾನಿನ ಕೋಬೆ ನಗರಕ್ಕೆ ಕಳಿಸಿತ್ತು. ಲೋಕದ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಹುಡುಗಿ ತನ್ನ ಹೊಟ್ಟೆಯನ್ನು ನೋಡಿಕೊಳ್ಳಲಿಲ್ಲ. ಮೂರು ಹೊತ್ತೂ ಕೊಂಬಿನಿ ಎಂದು ಅಲ್ಲಿಯವರು ಕರೆಯುವ, ಹಗಲೂ ರಾತ್ರಿಯೂ ತೆರೆದಿರುವ ಮೂಲೆಯಂಗಡಿಯ ತಣ್ಣನೆಯ ಅನ್ನದುಂಡೆ ತಿಂದು, ಅದರ ಮೇಲೆ ಕಾಫಿ ಕುಡಿದು, ಹೊಟ್ಟೆಯಲ್ಲಿ ಹುಣ್ಣು ಮಾಡಿಕೊಂಡಳು. 'ಹೋಗಿ ಒಂದಷ್ಟು ದಿನ ಬಿಸಿ ಅನ್ನ, ತಿಳಿಸಾರು ಮಾಡಿ ಹಾಕಿ ಬಾರಮ್ಮ' ಎಂದು ಅಮ್ಮ ನನ್ನನ್ನು ವಿಮಾನ ಹತ್ತಿಸಿದರು. ಸಾರಿನ ಪುಡಿಯನ್ನು ವಿದೇಶಕ್ಕೆ ತಲುಪಿಸುವ ಒಂದು ವಾಹನವಾಗಿ ನಾನು ಕೋಬೆಯಲ್ಲಿ ಇಳಿದೆ.

ಅಲ್ಲಿ ನಾನು ಮೊದಲು ಕಲಿತ ಮಾತು ಸುಮಿಮಾಸೆನ್. ಜಪಾನಿನಲ್ಲಿ ಈ ಒಂದು ಮಾತು ಕೈಯಲ್ಲಿದ್ದರೆ ಸಾಕು, ಜೀವನ ನಡೆದುಹೋಗುತ್ತದೆ. ಅಂಗಡಿಯವರನ್ನು ಕರೆಯಲು ಸುಮಿಮಾಸೆನ್, ರೈಲಿನಲ್ಲಿ ಜಾಗ ಬಿಡಿಸಿಕೊಳ್ಳಲು ಸುಮಿಮಾಸೆನ್, ಯಾರಾದರೂ ಉಪಕಾರ ಮಾಡಿದರೆ ಸುಮಿಮಾಸೆನ್, ಕಾಲು ತುಳಿದರೆ ಸುಮಿಮಾಸೆನ್, ಕಾಲು ತುಳಿಸಿಕೊಂಡರೂ ಸುಮಿಮಾಸೆನ್. ಮೊದಲ ವಾರದಲ್ಲಿ ನಾನು ಗಾಜಿನ ಬಾಗಿಲೊಂದಕ್ಕೆ ಹಣೆ ಬಡಿಸಿಕೊಂಡು ಆ ಬಾಗಿಲಿನ ಕ್ಷಮೆಯನ್ನೂ ಕೇಳಿದ್ದೇನೆ. ಅಷ್ಟೊಂದು ಜನರಲ್ಲಿ, ಅಷ್ಟೊಂದು ವಸ್ತುಗಳಲ್ಲಿ ಕ್ಷಮೆ ಬೇಡಿದ ನಾಲಿಗೆ ನಿಜವಾಗಿ ಬೇಡಬೇಕಾದ ಒಬ್ಬಳ ಮುಂದೆ ಮಾತ್ರ ಒಂದು ವರ್ಷ ಸುಮ್ಮನಿತ್ತು.

ಯಾಕೆ ಹಾಗಾಯಿತು ಎಂದು ಹೇಳಬೇಕಾದರೆ ಒಂದು ಸಂಜೆಯ ಊಟವನ್ನು ಹೇಳಬೇಕು. ಮಂಜುಳನ ಆಫೀಸಿನವರು ಒಂದು ಹೋಟೆಲಿನಲ್ಲಿ ಸೇರಿದ್ದರು, ನನ್ನನ್ನೂ ಕರೆದೊಯ್ದಳು. ಉದ್ದನೆಯ ಮೇಜಿನ ಸುತ್ತ ಬಾಗಿ ಬಾಗಿ ನಮಸ್ಕರಿಸುವ ಸಜ್ಜನರು. ಅವಳು ನನ್ನ ಭುಜದ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲಿ, 'ಇವಳು ನನ್ನ ಅಕ್ಕ, ನನಗೆ ಅಡುಗೆ ಮಾಡಲು ಬಂದಿದ್ದಾಳೆ, ಇವಳಿಗೆ ಇಂಗ್ಲಿಷ್ ಬರುವುದಿಲ್ಲ' ಎಂದಳು. ಅಷ್ಟು ಇಂಗ್ಲಿಷ್ ನನಗೆ ಬರುತ್ತಿತ್ತು. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ದನಿಯಲ್ಲಿ ಕೊಂಕಿರಲಿಲ್ಲ. ಎಲ್ಲರೂ ಪ್ರೀತಿಯಿಂದ ತಲೆಯಾಡಿಸಿ, ಆಮೇಲೆ ಆ ಸಂಜೆಯಿಡೀ ನನ್ನತ್ತ ನೋಡುವ ಕಷ್ಟ ತೆಗೆದುಕೊಳ್ಳಲಿಲ್ಲ. ನಾನು ಏನಾದರೂ ಹೇಳಲು ಬಾಯಿ ತೆರೆದರೆ ಮಂಜುಳ, 'ನೀನು ಸುಮ್ನಿರಕ್ಕ, ನಾನ್ ಹೇಳ್ತೀನಿ' ಎನ್ನುತ್ತಿದ್ದಳು. ಅಂಗಡಿಯಲ್ಲಿಯೂ ಅದೇ, ರೈಲಿನಲ್ಲಿಯೂ ಅದೇ. ನಾನು ಮಾತು ಕಲಿಸಿದ ಮಗು ನನ್ನ ಪರವಾಗಿ ಮಾತನಾಡುತ್ತಿತ್ತು. ಹೆಮ್ಮೆಪಡಬೇಕಾದ ವಿಷಯ, ಪಟ್ಟೆ ಕೂಡ. ಆದರೆ ಹೆಮ್ಮೆಯ ಒಳಗಡೆ ಒಂದು ಸಣ್ಣ ಮುಳ್ಳು ಸೇರಿಕೊಂಡಿತ್ತು.

ಆ ಮೇಜಿನಲ್ಲಿ ಮೊರಿತಾ-ಸಾನ್ ಎಂಬವರಿದ್ದರು; ಸಾನ್ ಎಂದರೆ ಹೆಸರಿನ ಮುಂದೆ ನಾವು 'ಅವರು' ಎಂದು ಸೇರಿಸಿದ ಹಾಗೆ. ಐವತ್ತರ ಆಸುಪಾಸಿನ, ಫೋನಿನಲ್ಲಿ ಮಾತಾಡುವಾಗಲೂ ಎದುರಿಗಿಲ್ಲದವರಿಗೆ ತಲೆ ಬಾಗಿಸುವ ಮನುಷ್ಯ. ಅವರ ತಾಯಿ ಶೋದೋಶಿಮಾ ಎಂಬ ದ್ವೀಪದಲ್ಲಿದ್ದರು. ಅಲ್ಲಿಯ ಬೇಸಿಗೆಯಾದ ಆಗಸ್ಟ್‌ನಲ್ಲಿ ಪಿತೃಗಳು ಮನೆಗೆ ಬರುವ ಹಬ್ಬಕ್ಕೆ ನಾವಿಬ್ಬರೂ ಬರಬೇಕೆಂದು ಕರೆದರು. ಹೊರಡುವ ಹಿಂದಿನ ದಿನ ಮಂಜುಳನ ರಜೆ ರದ್ದಾಯಿತು. 'ನೀನಾದ್ರೂ ಹೋಗು. ಈ ಬೆಂಕಿಪೆಟ್ಟಿಗೆ ಮನೇಲಿ ಬೆಂದು ಹೋಗ್ತೀಯ' ಎಂದು ನನ್ನನ್ನು ಹಡಗು ಹತ್ತಿಸಿದಳು. ಮೊರಿತಾ-ಸಾನ್ ನನ್ನನ್ನು ತಾಯಿಗೆ ಒಪ್ಪಿಸಿ, ಮುಂದಿನ ಶನಿವಾರ ಬರುವುದಾಗಿ ಹೇಳಿ, ಮಾರನೆಯ ದಿನವೇ ಕೆಲಸಕ್ಕೆ ಹಿಂದಿರುಗಿದರು.

ಬೆಟ್ಟದ ಇಳಿಜಾರಿನಲ್ಲಿ ಬೆಳ್ಳಿಬಣ್ಣದ ಎಲೆಗಳ ಆಲಿವ್ ಗಿಡಗಳು, ಕೆಳಗೆ ಅಲೆಯಿಲ್ಲದ ನೀಲಿ ನೀರು, ನೀರಿನಾಚೆ ಒಂದರ ಹಿಂದೊಂದು ಮಸುಕಾಗುತ್ತ ಹೋಗುವ ದ್ವೀಪಗಳು. ಬಂದವರೆಲ್ಲ ಇದನ್ನು ಇಟಲಿಯ ಹಾಗಿದೆ ಎನ್ನುತ್ತಾರೆಂದು ಮೊರಿತಾ-ಸಾನ್ ಅಭಿಮಾನದಿಂದ ಹೇಳಿದ್ದರು. ಇಟಲಿಯನ್ನು ಕಾಣದ ನನಗೆ ಅದು ಕನ್ನಂಬಾಡಿ ಕಟ್ಟೆಯ ಹಿನ್ನೀರಿನ ಹಾಗೆ ಕಂಡಿತು. ಮನುಷ್ಯರು ಎಲ್ಲಿ ಹೋದರೂ ತಾವು ಮುಂಚೆ ಕಂಡದ್ದನ್ನೇ ಕಾಣುತ್ತಾರೆ. ಹೆಚ್ಚು ತಿರುಗಿದವರಿಗೆ ಹೆಚ್ಚು ಹೆಸರುಗಳು ಹೊಳೆಯುತ್ತವೆ, ಅಷ್ಟೇ ವ್ಯತ್ಯಾಸ.

ಮೊರಿತಾ-ಸಾನ್ ಅವರ ತಾಯಿ ಫುಮಿ-ಸಾನ್‌ಗೆ ಎಂಬತ್ತರ ಹತ್ತಿರ ವಯಸ್ಸು. ಬೆನ್ನು ಬಾಗಿ, ನೆಲದಲ್ಲಿ ಕಳೆದುಕೊಂಡ ಸೂಜಿಯನ್ನು ಹುಡುಕುವವರಂತೆ ನಡೆಯುತ್ತಿದ್ದರು. ನಾನು ಮೀನು ಮುಟ್ಟುವುದಿಲ್ಲ ಎಂದು ತಿಳಿದಾಗ ಅವರು ಬಹಳ ಹೊತ್ತು ಯೋಚಿಸಿ, ಆ ದೇಶದಲ್ಲಿ ಮೀನು ಬಿಟ್ಟವರೆಂದರೆ ಗುಡಿಯ ಸನ್ಯಾಸಿಗಳು ಮಾತ್ರವಾದ್ದರಿಂದ, ನಾನೂ ಒಬ್ಬ ಸನ್ಯಾಸಿನಿ ಎಂದು ತೀರ್ಮಾನಿಸಿಬಿಟ್ಟರು. ಊರಲ್ಲಿ ಸುದ್ದಿಯಾಯಿತು. ಎರಡು ದಿನ ಜನ ನನಗೆ ಕೈಮುಗಿದರು. ಮೂರನೆಯ ಮಧ್ಯಾಹ್ನ ನಾನು ನಾಲ್ಕನೆಯ ಸಲ ಬಡಿಸಿಕೊಂಡದ್ದನ್ನು ಪಕ್ಕದ ಮನೆಯ ಸಾಚಿ-ಸಾನ್ ಕಂಡು ಗಹಗಹಿಸಿ ನಕ್ಕಳು. ನನ್ನ ಸನ್ಯಾಸ ಅಲ್ಲಿಗೆ ಮುಗಿಯಿತು, ಸ್ನೇಹ ಶುರುವಾಯಿತು.

ಸಾಚಿ-ಸಾನ್ ನನ್ನ ವಾರಿಗೆಯವಳು. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಸೋಮೆನ್ ಎಂಬ ಶಾವಿಗೆ ಮಾಡುತ್ತಿದ್ದಳು. ನಾವು ಶಾವಿಗೆಯನ್ನು ಒರಳಿಗೆ ಹಾಕಿ ಒತ್ತುತ್ತೇವೆ. ಅವರು ಹಿಟ್ಟಿಗೆ ಎಣ್ಣೆ ಸವರಿ, ಕಡ್ಡಿಗೆ ಸುತ್ತಿ, ಎಳೆದು, ಸ್ವಲ್ಪ ಮಲಗಿಸಿ, ಮತ್ತೆ ಎಳೆದು ಕೂದಲಿನಷ್ಟು ಸಣ್ಣ ಮಾಡುತ್ತಾರೆ. ಒಣಹಾಕಿದ ಎಳೆಗಳ ನಡುವೆ ಗಾಳಿ ಹಾಯ್ದರೆ ಅದು ಅಡುಗೆಯ ಸಾಮಾನಿನ ಹಾಗೆ ಕಾಣುವುದಿಲ್ಲ, ಮಗ್ಗದಿಂದ ಈಗಷ್ಟೇ ಇಳಿದ ಬಿಳಿ ಸೀರೆಯ ಹಾಗೆ ಕಾಣುತ್ತದೆ. ಅದನ್ನವರು ಬೇಯಿಸಿ, ಐಸಿನ ನೀರಿನಲ್ಲಿ ತೇಲಿಸಿ, ನನಗಾಗಿ ಮೀನಿನ ಬದಲು ಕಡಲಪಾಚಿಯಿಂದ ಕುದಿಸಿದ ರಸದಲ್ಲಿ ಅದ್ದಿ ತಿನ್ನಿಸಿದರು. ಮಾರನೆಯ ದಿನ ನಾನು ಅದೇ ಶಾವಿಗೆಗೆ ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ನಿಂಬೆಹುಳಿ ಹಿಂಡಿದೆ. ಸಾಸಿವೆ ಸಿಡಿದ ಸದ್ದಿಗೆ ಸಾಚಿ-ಸಾನ್ ಅಂಗಳಕ್ಕೆ ಓಡಿದಳು. ವಾಸನೆ ಹಿಂದೆಯೇ ಹೋಗಿ ಅವಳನ್ನು ವಾಪಸು ಕರೆತಂದಿತು.

ಒಂದು ಬಟ್ಟಲಿನಲ್ಲಿ ನಾನು ಅವಳ ಮನೆಗೆ ಒಗ್ಗರಣೆ ಶಾವಿಗೆ ಕಳಿಸಿದರೆ, ಬಟ್ಟಲು ಸೌತೆಕಾಯಿಯ ಉಪ್ಪಿನಕಾಯಿ ಹೊತ್ತು ಬಂತು. ಖಾಲಿ ಪಾತ್ರೆ ಹಿಂದಿರುಗಿಸಬಾರದೆಂಬುದು ನಮ್ಮ ಮನೆಯ ನೇಮ; ಅದು ಅವರ ನೇಮವೂ ಹೌದೆಂದು ನನಗೇನು ಗೊತ್ತು! ನಾನು ಮೆಂತ್ಯದ ಹಿಟ್ಟಿನ ಗೊಜ್ಜು ತುಂಬಿ ಕಳಿಸಿದೆ, ಅವಳು ಅಂಜೂರ ತುಂಬಿ ಕಳಿಸಿದಳು. ಇಬ್ಬರಿಗೂ ನಿಲ್ಲಿಸುವ ದಾರಿ ತಿಳಿಯಲಿಲ್ಲ. ಕೊನೆಗೆ ಬಟ್ಟಲನ್ನು ಓಡಾಡಿಸುವುದಕ್ಕಿಂತ ಒಟ್ಟಿಗೆ ಕೂತು ತಿನ್ನುವುದೇ ಲೇಸೆಂದು, ಫುಮಿ-ಸಾನ್ ಮನೆಯ ಮರದ ಜಗಲಿಯಲ್ಲಿ ಮೂವರೂ ಕಾಲು ಇಳಿಬಿಟ್ಟುಕೊಂಡು ಕೂರತೊಡಗಿದೆವು.

ಆ ದಿನಗಳನ್ನು ನೆನೆದರೆ ನನಗೆ ಈಗಲೂ ನಿದ್ದೆಗೂ ಎಚ್ಚರಕ್ಕೂ ನಡುವಣ ಒಂದು ಸ್ಥಿತಿ ಬರುತ್ತದೆ. ಬೆಳಗ್ಗೆ ಊರವರೆಲ್ಲ ಬಂದರಿನ ಬಳಿ ಸೇರಿ ರೇಡಿಯೋದ ಹಾಡಿಗೆ ಕೈಕಾಲು ಆಡಿಸುವಾಗ ನಾನೂ ಸೀರೆಯ ಸೆರಗು ಸಿಕ್ಕಿಸಿ ಆಡಿಸಿದೆ. ಬಗ್ಗಿದಾಗ ಎದ್ದೆ, ಎದ್ದಾಗ ಬಗ್ಗಿದೆ. ಮಧ್ಯಾಹ್ನದ ಊಟದ ಮೇಲೆ ಬಾಗಿಲುಗಳನ್ನೆಲ್ಲ ಸರಿಸಿ, ಹುಲ್ಲಿನ ಚಾಪೆಯ ಮೇಲೆ ಮೂವರೂ ಅಡ್ಡಾಗುತ್ತಿದ್ದೆವು. ಜೀರುಂಡೆಗಳ ಕೂಗು ಕೂಗೆನಿಸದೆ ಬಿಸಿಲಿಗೇ ಒಂದು ದನಿ ಬಂದಂತೆನಿಸುತ್ತಿತ್ತು. ಫುಮಿ-ಸಾನ್ ಜಪಾನಿಯಲ್ಲಿ ಏನೋ ಹೇಳುವರು, ನಾನು ಕನ್ನಡದಲ್ಲಿ 'ಹೌದು ನೋಡಿ, ನಮ್ಮ ಕಡೆಯೂ ಹಾಗೇ' ಎನ್ನುವೆ, ಸಾಚಿ-ಸಾನ್ ಇಬ್ಬರಿಗೂ ಬೀಸಣಿಗೆ ಬೀಸುವಳು. ಯಾರು ಏನು ಹೇಳಿದರೆಂದು ಯಾರಿಗೂ ಗೊತ್ತಿರಲಿಲ್ಲ; ಯಾರೂ ತಪ್ಪಾಗಿ ತಿಳಿದುಕೊಂಡ ಹಾಗೂ ಇರಲಿಲ್ಲ. ಅಲ್ಲಿ ನನ್ನ ಪರವಾಗಿ ಮಾತನಾಡುವವರು ಇರಲಿಲ್ಲವಾದ್ದರಿಂದ ನಾನೇ ಮಾತನಾಡಿದೆ. ಇಂಗ್ಲಿಷ್ ಬರದವಳು ಎಂದು ಅಲ್ಲಿ ಯಾರೂ ನನ್ನನ್ನು ಗುರುತಿಸಲಿಲ್ಲ, ಯಾಕೆಂದರೆ ಅದು ಅವರಿಗೂ ಬರುತ್ತಿರಲಿಲ್ಲ. ನಾನು ಅಲ್ಲಿ ಗಿರಿಜಾ-ಸಾನ್. ಬುದ್ಧಿ ತಿಳಿದ ಮೇಲೆ ಮೊದಲ ಬಾರಿಗೆ ನಾನು ಯಾರ ಅಕ್ಕನೂ ಆಗಿರಲಿಲ್ಲ.

ಬುಧವಾರ ಫೋನು ಬಂತು. ಮಂಜುಳನ ದನಿ ಹೊಸದಾಗಿ ನೀರು ಬಿಟ್ಟ ನಲ್ಲಿಯ ಹಾಗಿತ್ತು.

'ಅಕ್ಕಾ, ಗುಡ್ ನ್ಯೂಸ್! ಶನಿವಾರ ಆಫ್ ಕೊಡ್ತಾರಂತೆ. ಮಾರ್ನಿಂಗ್ ಹಡಗಿಗೇ ಬಂದ್ಬಿಡ್ಲಾ? ನೀನು ಮೊನ್ನೆ ಫೋನಲ್ಲಿ ಹೇಳಿದ್ಯಲ್ಲ, ನಂಗೂ ಆ ಒಗ್ಗರಣೆ ಶಾವಿಗೆ ಇಟ್ಟಿರು.'

ಜಗಲಿಯಲ್ಲಿ ಫುಮಿ-ಸಾನ್ ಸಾಚಿ-ಸಾನ್ ಇಬ್ಬರೂ ಕಲ್ಲಂಗಡಿ ಕೊಯ್ಯುತ್ತ ನನಗಾಗಿ ಕಾಯುತ್ತಿದ್ದರು. ಒಂದೇ ಗಳಿಗೆಯಲ್ಲಿ ನನಗೆ ಶನಿವಾರ ಪೂರ್ತಿ ಕಣ್ಣಿಗೆ ಕಟ್ಟಿತು: ಮಂಜುಳ ಬರುತ್ತಾಳೆ, ಲೀಲಾಜಾಲವಾಗಿ ಜಪಾನಿಯಲ್ಲಿ ಮಾತಾಡುತ್ತಾಳೆ, ಇಬ್ಬರೂ ಅವಳ ಕಡೆ ತಿರುಗಿ ಕೂರುತ್ತಾರೆ, 'ನೀನು ಸುಮ್ನಿರಕ್ಕ' ಎನ್ನುತ್ತಾಳೆ, ನಾನು ಎದ್ದು ಒಳಗೆ ಹೋಗಿ ಒಗ್ಗರಣೆ ಹಾಕುತ್ತೇನೆ.

'ಈ ಶನಿವಾರ ಬೇಡ ಕಣೇ,' ಎಂದೆ. 'ಸಮುದ್ರ ಸರಿಯಿಲ್ಲ. ಗಾಳಿ ಜಾಸ್ತಿ. ಹಡಗು ಬಿಡಲ್ವಂತೆ.'



'ಹೌದಾ,' ಎಂದಳು. 'ಸರಿ ಬಿಡು. ನೀನು ನೀರಿನ ಹತ್ರ ಹೋಗ್ಬೇಡ, ಹುಷಾರು.'

ಫೋನಿಟ್ಟು ಬಂದೆ. ಎದುರಿಗಿದ್ದ ಸಮುದ್ರ ತಟ್ಟೆಯಲ್ಲಿ ಹೊಯ್ದ ಎಣ್ಣೆಯಂತೆ ನಿಶ್ಚಲವಾಗಿತ್ತು. ಅಷ್ಟು ದೊಡ್ಡದರ ಮೇಲೆ ಅಷ್ಟು ಸಣ್ಣ ಸುಳ್ಳು ಹಾಕಿದರೆ ಅದಕ್ಕೆ ತಿಳಿಯಲಾರದು ಎಂದುಕೊಂಡೆ. ತಂಗಿ ಬರುತ್ತಾಳೆಯೇ ಎಂದು ಸನ್ನೆಯಲ್ಲಿ ಕೇಳಿದ ಫುಮಿ-ಸಾನ್‌ಗೆ, ಕೆಲಸ ಎಂಬುದಕ್ಕೆ ಅವರ ಮಾತನ್ನೇ ಬಳಸಿ, 'ಶಿಗೋತೋ' ಎಂದು ಕೈಯಾಡಿಸಿದೆ. ಅವರ ಮುಖ ಸಣ್ಣದಾಯಿತು. ಕಲ್ಲಂಗಡಿ ತುಂಬ ಸಿಹಿಯಾಗಿತ್ತೆಂದು ಹೇಳಲು ನಾಚಿಕೆಯಾಗುತ್ತದೆ.

ಶನಿವಾರ ಹಡಗು ಹೊತ್ತಿಗೆ ಸರಿಯಾಗಿ ಬಂತು. ಹೇಳಿದಂತೆ ಮೊರಿತಾ-ಸಾನ್ ಅದರಿಂದ ಇಳಿದರು. ಅವರು ಇದೇ ಶನಿವಾರ ಇದೇ ಹಡಗಿನಲ್ಲಿ ಬರುವವರಿದ್ದರೆಂಬುದು ಸುಳ್ಳು ಹೇಳುವಾಗ ನನಗೆ ಹೊಳೆದಿರಲೇ ಇಲ್ಲ. ಕಡಿಮೆ ಓದಿದವರು ಸುಳ್ಳನ್ನೂ ಅರ್ಧಕ್ಕೇ ಓದಿರುತ್ತಾರೆ. ಅವರು ನನ್ನನ್ನು ಒಂದು ಕ್ಷಣ ನೋಡಿದರು, ಬಾಗಿ ನಮಸ್ಕರಿಸಿದರು, ಏನೂ ಕೇಳಲಿಲ್ಲ.

ಊಟಕ್ಕೆ ಕೂತೆವು. ಆ ಹಬ್ಬದ ವಾರದಲ್ಲಿ ಫುಮಿ-ಸಾನ್ ದಿನವೂ ತೀರಿಹೋದ ಗಂಡನ ಪಟದ ಮುಂದೆ ಒಂದು ಪುಟ್ಟ ಮಣೆಯ ಮೇಲೆ ಅನ್ನ, ರಸ, ಪಲ್ಯಗಳನ್ನಿಡುತ್ತಿದ್ದರು. ಅದು ನನಗೆ ಚೆನ್ನಾಗಿ ಅರ್ಥವಾಗುವ ವಿಷಯ. ನಮ್ಮಲ್ಲಿಯೂ ಪಿತೃಪಕ್ಷದಲ್ಲಿ ಎಡೆ ಇಡುತ್ತೇವೆ. ಆದರೆ ಅಂದು ಅವರು ಇನ್ನೊಂದು ಮಣೆ ತಂದು ನನ್ನ ಪಕ್ಕದ ಖಾಲಿ ಜಾಗದಲ್ಲಿಟ್ಟರು. ಒಂದು ಬಟ್ಟಲು ಅನ್ನ, ಮುಚ್ಚಳವಿದ್ದ ಬಟ್ಟಲಲ್ಲಿ ಬಿಸಿ ರಸ, ನಾನು ಮಾಡಿದ ಒಗ್ಗರಣೆ ಶಾವಿಗೆ, ಊಟದ ಕಡ್ಡಿಗಳು. ಮಣೆಗೆ ಕೈಮುಗಿದು, 'ಮಂಜುಳಾ-ಸಾನ್' ಎಂದರು.

ಬದುಕಿರುವ ಹುಡುಗಿಗೆ ಎಡೆ! 'ಬಿಡ್ತು ಅನ್ನಿ! ಬಿಡ್ತು, ಬಿಡ್ತು!' ಎಂದು ಕಿರುಚಿಕೊಂಡು, ಆ ಮಣೆಯ ಮೇಲಿದ್ದುದನ್ನೆಲ್ಲ ಬಾಚಿ ನನ್ನ ತಟ್ಟೆಗೆ ಸುರಿದುಕೊಂಡೆ. ಅಷ್ಟೂ ದಿನ ನೀರಿನಷ್ಟು ನಯವಾಗಿ ಹರಿದಿದ್ದ ಆ ಮನೆಯಲ್ಲಿ ಅನ್ನ ಚೆಲ್ಲಿತು, ಬಟ್ಟಲು ಉರುಳಿತು. ಫುಮಿ-ಸಾನ್ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬೆಚ್ಚಿ ಕೂತಿದ್ದರು.

ಮೊರಿತಾ-ಸಾನ್ ಎದ್ದು ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಚಿತ್ರ ಬರೆದು ತಿಳಿಸಿದರು: ಒಂದು ಮನೆ, ದೂರದಲ್ಲಿ ಒಂದು ದೋಣಿ, ದೋಣಿಯಲ್ಲಿ ನಗುವ ಒಬ್ಬ ಮನುಷ್ಯ, ಮನೆಯೊಳಗೆ ಅವನ ಪಾಲಿನ ತಟ್ಟೆ. ಇದು ಸತ್ತವರಿಗಲ್ಲ, ದೂರ ಹೋಗಿ ಊಟಕ್ಕೆ ಬರಲಾಗದ ಜೀವಂತ ಮನುಷ್ಯರಿಗೆ. ಅಲ್ಲಿ ಅವರು ಹಸಿಯದಿರಲಿ, ಕ್ಷೇಮವಾಗಿರಲಿ ಎಂದು ಇಲ್ಲಿ ಅವರ ತಟ್ಟೆ ಇಡುವುದು. ಮೀನು ಹಿಡಿಯಲು ಹೋಗುತ್ತಿದ್ದ ಗಂಡನಿಗೆ ಫುಮಿ-ಸಾನ್ ಹೀಗೆ ಎಷ್ಟೋ ವರ್ಷ ಇಟ್ಟಿದ್ದರಂತೆ. ಆ ಮುದುಕಿ ಮತ್ತೆ ಮಣೆಯನ್ನು ಒರೆಸಿ, ಮತ್ತೆ ಬಡಿಸಿದರು. ಸ್ವಲ್ಪ ಹೊತ್ತಿನ ಮೇಲೆ ರಸದ ಬಟ್ಟಲಿನ ಮುಚ್ಚಳ ತೆಗೆದು ಅದರ ಒಳಮೈಯನ್ನು ನನಗೆ ತೋರಿಸಿದರು. ಆವಿ ಹನಿಹನಿಯಾಗಿ ಕಟ್ಟಿತ್ತು. ಹನಿ ಕಟ್ಟಿದರೆ ಹೋದವರು ಚೆನ್ನಾಗಿದ್ದಾರೆಂದು ಅರ್ಥವಂತೆ. 'ಮಂಜುಳಾ-ಸಾನ್, ಗೆಂಕಿ,' ಎಂದು ನಕ್ಕರು, ಚೆನ್ನಾಗಿದ್ದಾಳೆ ಎಂದು.

ಬರಲಾಗದವಳು! ಬರಬೇಡವೆಂದು ನಾನೇ ತಡೆದವಳ ಪಾಲನ್ನು ಅವಳ ಮುಖವನ್ನೇ ಕಾಣದ ಮುದುಕಿಯೊಬ್ಬರು ಇಟ್ಟು ಕಾಯುತ್ತಿದ್ದರು. ಇನ್ನೊಂದು ವಾರ ನಾನು ಅಲ್ಲಿದ್ದೆ, ಮೂರು ಹೊತ್ತೂ ಆ ಮಣೆ ನನ್ನ ಪಕ್ಕದಲ್ಲಿತ್ತು. ಹಾಗೆ ಇಟ್ಟ ಊಟವನ್ನು ಕೊನೆಯಲ್ಲಿ ಮನೆಯವರು ತಿನ್ನಬೇಕೆಂಬುದು ಪದ್ಧತಿ. ಮಂಜುಳನ ಮನೆಯವಳೆಂದರೆ ನಾನೊಬ್ಬಳೇ. ತಂಗಿಯ ಪಾಲನ್ನೂ ನುಂಗಿದವಳು ಎಂಬ ಬೈಗುಳವನ್ನು ಊರಲ್ಲಿ ಕೇಳಿದ್ದೆ. ದಿನಕ್ಕೆ ಮೂರು ಸಲ, ಕಡ್ಡಿ ಹಿಡಿದು, ಅಕ್ಷರಶಃ ಹಾಗೆ ಮಾಡಿದ್ದು ನಾನೊಬ್ಬಳೇ ಇರಬೇಕು.

ಕೋಬೆಗೆ ಬಂದಾಗ ಮಂಜುಳನ ಕಣ್ಣ ಕೆಳಗೆ ಕಪ್ಪು ಹೆಚ್ಚಾಗಿತ್ತು. ಎಲ್ಲವನ್ನೂ ಹೇಳು ಎಂದು ಗಲ್ಲಕ್ಕೆ ಕೈಯಿಟ್ಟು ಕೂತಳು. ನಾನು ಆಲಿವ್ ಗಿಡ, ಬಟ್ಟಲಿನ ಓಡಾಟ, ರೇಡಿಯೋ ಕಸರತ್ತು, ನನ್ನ ಎರಡು ದಿನದ ಸನ್ಯಾಸ ಎಲ್ಲವನ್ನೂ ಹೇಳಿದೆ. ಒಂದು ಮಣೆಯನ್ನು ಮಾತ್ರ ಬಿಟ್ಟೆ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. 'ಶನಿವಾರ ನೀನೇನು ತಿಂದೆ?' ಎಂದು ಕೇಳಿದೆ. 'ಕೊಂಬಿನಿ ರೈಸ್ ಬಾಲ್. ಆಮೇಲೆ ಮಲ್ಕೊಂಡೆ' ಎಂದಳು. ಸಮುದ್ರದ ಮಾತನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನನ್ನ ಗಡುವು ಮುಗಿದು ಮೈಸೂರಿಗೆ ಬಂದೆ. ಎರಡು ಸಾವಿರದ ಇಸವಿ ಬಂತು. ಲೋಕದ ಯಂತ್ರಗಳಿಗೆ ಏನೂ ಆಗಲಿಲ್ಲ. ಹಿಂದಿನದನ್ನು ಮರೆಯಲಾರದೆ ಕಷ್ಟಪಟ್ಟವಳು ನಾನು. ಅಮ್ಮ ಊಟಕ್ಕೆ ಕರೆದಾಗಲೆಲ್ಲ ನನಗೆ ಆ ಮಣೆ ಕಾಣುತ್ತಿತ್ತು. ಫೋನಿನಲ್ಲಿ ಹೇಳೋಣವೆಂದುಕೊಳ್ಳುವೆ, ಸಾರಿನ ಪುಡಿ ಮುಗಿದಿದೆಯೇ ಎಂದು ಕೇಳಿ ಇಟ್ಟುಬಿಡುವೆ. ದೊಡ್ಡವರು ಚಿಕ್ಕವರ ಮುಂದೆ ತಪ್ಪಾಯಿತೆನ್ನುವ ರೂಢಿ ನಮ್ಮಲ್ಲಿಲ್ಲ. ನಮ್ಮಲ್ಲಿ ದೊಡ್ಡವರಿಗೆ ಪಶ್ಚಾತ್ತಾಪವಾದರೆ ಚಿಕ್ಕವರ ತಟ್ಟೆಗೆ ತುಪ್ಪ ಒಂದು ಚಮಚ ಹೆಚ್ಚಾಗಿ ಬೀಳುತ್ತದೆ, ಅಷ್ಟೇ.

ಮುಂದಿನ ಬೇಸಿಗೆಯಲ್ಲಿ ಮಂಜುಳ ಮತ್ತೆ ಕರೆಸಿಕೊಂಡಳು. ಅವಳಿಗೆ ರಜೆಯಿತ್ತು, ಇಬ್ಬರೂ ದ್ವೀಪಕ್ಕೆ ಹೊರಟೆವು. ಹಡಗಿನ ಮೇಲಟ್ಟದಲ್ಲಿ ಕಂಬಿಗೊರಗಿ ನಿಂತು ಅವಳು, 'ಸಮುದ್ರ ಚೆನ್ನಾಗಿದೆ ಅಲ್ವೇನಕ್ಕಾ ಇವತ್ತು?' ಎಂದಳು. ನಾನು ಹಕ್ಕಿಗಳನ್ನು ನೋಡುವುದರಲ್ಲಿ ಮಗ್ನಳಾದೆ. ಹಕ್ಕಿಗಳು ಇರಲಿಲ್ಲ.

ಫುಮಿ-ಸಾನ್ ಇನ್ನೂ ಸ್ವಲ್ಪ ಬಾಗಿದ್ದರು. ಮಂಜುಳನ ಎರಡೂ ಕೈ ಹಿಡಿದು, ಅವಳು ನಿಜವಾಗಿಯೂ ಇದ್ದಾಳೆಯೇ ಎಂದು ಪರೀಕ್ಷಿಸುವಂತೆ ಸವರಿದರು. ನಾನು ಹೆದರಿದ್ದೆಲ್ಲ ಒಂದೂ ಬಿಡದೆ ನಡೆಯಿತು. ಜಗಲಿಯಲ್ಲಿ ಅವಳು ಜಪಾನಿಯಲ್ಲಿ ಮಾತಿಗೆ ಶುರುವಿಟ್ಟಳು, ಇಬ್ಬರು ಹೆಂಗಸರೂ ಅವಳ ಕಡೆ ತಿರುಗಿ ಕೂತರು, ನಾನು ಒಳಗೆ ಹೋಗಿ ಒಗ್ಗರಣೆ ಹಾಕಿದೆ. ಆದರೆ ತಟ್ಟೆಗಳನ್ನು ಹಿಡಿದು ಹೊರಗೆ ಬಂದಾಗ ಸಾಚಿ-ಸಾನ್ ನೆಲದ ಮೇಲೆ ಉರುಳಾಡುತ್ತ ನಗುತ್ತಿದ್ದಳು, ಫುಮಿ-ಸಾನ್ ಎರಡು ಕೈಯಲ್ಲಿ ಗಾಳಿಯನ್ನು ಬಾಚಿಕೊಂಡು 'ಬಿದ್ತು, ಬಿದ್ತು!' ಎಂದು ನನ್ನನ್ನೇ ಅಣಕಿಸಿ ತೋರಿಸುತ್ತಿದ್ದರು. ಅವರು ಅಷ್ಟೂ ಹೊತ್ತು ಮಾತನಾಡಿದ್ದು ನನ್ನ ವಿಷಯವನ್ನೇ. ನನ್ನ ಜಾಗ ಎಲ್ಲಿಗೂ ಹೋಗಿರಲಿಲ್ಲ. ಹಂಚಿದರೆ ಕರಗಿಹೋಗುತ್ತದೆಂದು ನಾನು ಅದನ್ನು ಒಂದು ವರ್ಷ ಬಚ್ಚಿಟ್ಟುಕೊಂಡಿದ್ದೆ.

ಮಂಜುಳ ಮಾತ್ರ ನಗುತ್ತಿರಲಿಲ್ಲ.

'ನಾನು ಸತ್ತೋದೆ ಅಂದ್ಕೊಂಡ್ಯೇನಕ್ಕಾ?'

'ಬಿಡ್ತು ಅನ್ನೇ.'

'ತಟ್ಟೆ ಇಟ್ಟಿದ್ರು ಅಂತ ಮೊರಿತಾ-ಸಾನ್ ಆಗ್ಲೇ ಹೇಳಿದ್ರು. ನೀನು ಕಿರುಚಿದ್ದು ಮಾತ್ರ ಹೇಳಿರ್ಲಿಲ್ಲ ನೋಡು, ಪಾಪ.' ತಟ್ಟೆಯನ್ನು ನೋಡುತ್ತ ಹೇಳಿದಳು: 'ಹಡಗು ಇದೆ ಅಂತ ನಂಗೆ ಶುಕ್ರವಾರನೇ ಗೊತ್ತಾಯ್ತು. ಬನ್ನಿ, ಒಟ್ಟಿಗೆ ಹೋಗೋಣ ಅಂದ್ರು ಅವರು.'

'ಮತ್ತೆ ಯಾಕೆ ಬರ್ಲಿಲ್ಲ?'

'ನೀನು ಕರೀಲಿಲ್ವಲ್ಲ.'

ದೂರಿನ ದನಿಯೇ ಅಲ್ಲ ಅದು. ಮಧ್ಯಾಹ್ನದ ಬಿಸಿಲು, ಜೀರುಂಡೆಗಳು, ತಟ್ಟೆಯಲ್ಲಿ ಆರುತ್ತಿದ್ದ ಶಾವಿಗೆ, ಎಲ್ಲವೂ ಇದ್ದ ಹಾಗೆಯೇ ಇದ್ದವು. ಇಬ್ಬರು ಹೆಂಗಸರೂ, ನಮ್ಮ ಮಾತು ಅರ್ಥವಾಗದಿದ್ದರೂ, ನಗುವುದನ್ನು ನಿಲ್ಲಿಸಿದ್ದರು. ನಾನು ಬಡಿಸುವ ಕೈಯನ್ನು ಕೆಳಗಿಟ್ಟೆ. ತುಪ್ಪದ ಮೊರೆ ಹೋಗಲು ಅಲ್ಲಿ ತುಪ್ಪವೂ ಇರಲಿಲ್ಲ.

'ಸಮುದ್ರ ಚೆನ್ನಾಗೇ ಇತ್ತು ಕಣೇ,' ಎಂದೆ. 'ಇವರೆಲ್ಲ ನನ್ನೊಬ್ಬಳಿಗೇ ಇರ್ಲಿ ಅನ್ನಿಸ್ತು. ನೀನು ಬರೋದು ನಂಗೆ ಬೇಡವಾಗಿತ್ತು. ತಪ್ಪಾಯ್ತು, ಮಂಜು. ನಂದು ತಪ್ಪಾಯ್ತು.'